ಕಂಪ್ಲಿಯ ಗೆರೆ

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಎಕ್ಸ್‌ರೇ ಎಂದರೆ ಒದ್ದೆ ವಸ್ತು. ಕತ್ತಲೆ ಕೋಣೆಯಲ್ಲಿ ತೊಳೆದ ಫಿಲ್ಮನ್ನು ಕ್ಲಿಪ್ಪಿಗೆ ಸಿಕ್ಕಿಸಿ, ಬಟ್ಟೆ ಒಣಹಾಕಿದಂತೆ ಫ್ಯಾನಿನ ಕೆಳಗೆ ತೂಗುಹಾಕುತ್ತಿದ್ದೆವು. ಫಿಲ್ಮು ತೊಳೆಯುವ ಔಷಧದ ಹುಳಿ ವಾಸನೆ ಸೀರೆಗೆ ಹತ್ತಿಕೊಂಡು ಮನೆಯವರೆಗೂ ಬರುತ್ತಿತ್ತು. ಈಗಿನ ಮಕ್ಕಳಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಅವರ ಪಾಲಿಗೆ ಎಕ್ಸ್‌ರೇ ಎಂದರೆ ಪರದೆಯ ಮೇಲೆ ಮೂಡುವ ಬೆಳಕು. ಅದು ಎಲ್ಲಿಂದ ಬರುತ್ತದೆ, ಎಲ್ಲಿ ಕೂರುತ್ತದೆ, ಬಾರದೆ ಹೋದರೆ ಏನಾಗುತ್ತದೆ ಎಂಬುದು ಯಾರಿಗೂ ಬೇಡ. ಅದು ಬೇಕಾಗಿದ್ದದ್ದು ನನಗೊಬ್ಬಳಿಗೆ. ಅದೇ ನನ್ನ ನೌಕರಿ.

ನನ್ನ ಊರು ಕುರೆಕುಪ್ಪ. ಅಪ್ಪ ಸಂಡೂರಿನ ಗಣಿಯಲ್ಲಿ ಅದಿರು ಹೊತ್ತವರು. ಮನೆಯಲ್ಲಿ ಬುದ್ಧನ ಪಟ ಇತ್ತು; ಬುದ್ಧನಿಗೆ ಪಾಯಸ ಕೊಟ್ಟವಳ ನೆನಪಿಗೆ ಸುಜಾತ ಎಂದು ನನಗೆ ಹೆಸರಿಟ್ಟದ್ದೂ ಅಪ್ಪನೇ. ಬಳ್ಳಾರಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಹೊಸಪೇಟೆಯ ಒಂದು ಟ್ರಸ್ಟ್ ಆಸ್ಪತ್ರೆಯ ಎಕ್ಸ್‌ರೇ ವಿಭಾಗಕ್ಕೆ ಸೇರಿದೆ. ಆಸ್ಪತ್ರೆಗೆ ಕಂಪ್ಲಿ, ಸಂಡೂರು ಮತ್ತು ಹಂಪಿ ಹತ್ತಿರದ ಕಮಲಾಪುರದಲ್ಲಿ ಚಿಕ್ಕ ಚಿಕ್ಕ ಶಾಖೆಗಳಿದ್ದವು. ಎಲ್ಲ ಕಡೆಯೂ ಎಕ್ಸ್‌ರೇ ಯಂತ್ರವಿತ್ತು, ಆದರೆ ಚಿತ್ರ ನೋಡಿ ವರದಿ ಬರೆಯುವ ಡಾಕ್ಟರು ಹೊಸಪೇಟೆಯಲ್ಲಿ ಮಾತ್ರ. ಹಾಗಾಗಿ ಶಾಖೆಗಳ ಫಿಲ್ಮುಗಳು ಕಂದು ಕವರಿನಲ್ಲಿ, ಕಂಡಕ್ಟರನ ಕೈಯಲ್ಲಿ, ಬಸ್ಸಿನಲ್ಲಿ ಬರುತ್ತಿದ್ದವು. ಒಮ್ಮೆ ಕಂಪ್ಲಿಯ ಕವರನ್ನು ಇಳಿಸಿಕೊಡಲು ಮರೆತ ಕಂಡಕ್ಟರು ಅದನ್ನು ಗಂಗಾವತಿವರೆಗೂ ವಾಪಸ್ ತೆಗೆದುಕೊಂಡು ಹೋಗಿದ್ದ. ಮುರಿದ ಕೈಯ ಮುದುಕಿಯೊಬ್ಬಳು ನಮ್ಮ ಬೆಂಚಿನ ಮೇಲೆ ಕೂತು ತನ್ನ ಫಿಲ್ಮಿಗಾಗಿ ಕಾಯುತ್ತಿದ್ದಳು. ‘ನಾನಾದ್ರೂ ಜಲ್ದಿ ಬಂದೆ, ನನ್ನ ಎಲುಬು ಇನ್ನೂ ಬಂದಿಲ್ಲ ನೋಡು’ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಕಂಪ್ಲಿಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದವರು ಹುಸೇನಪ್ಪ. ನನಗಿಂತ ಹಿರಿಯರು, ನಾನು ಹುಸೇನಣ್ಣ ಎನ್ನುತ್ತಿದ್ದೆ, ಅವರು ನನಗೆ ತಂಗಿ ಎನ್ನುತ್ತಿದ್ದರು. ಮಾತು ಕಡಿಮೆ, ಸಿಟ್ಟು ಜಾಸ್ತಿ. ಆದರೆ ಅವರು ತೆಗೆದ ಚಿತ್ರ ಎಂದರೆ ಅಚ್ಚು ಹಾಕಿದಂತೆ. ಮಗು ಎಷ್ಟು ಒದ್ದಾಡಿದರೂ, ಕುಡಿದು ಬಿದ್ದವನು ಎಷ್ಟು ಬೈದರೂ, ಅವರ ಚಿತ್ರ ಮಾತ್ರ ಅಲುಗಾಡುತ್ತಿರಲಿಲ್ಲ.

ಆಮೇಲೆ ಫಿಲ್ಮು ಹೋಯಿತು, ಡಿಜಿಟಲ್ ಬಂತು. ನಾಲ್ಕು ಊರಿನ ಚಿತ್ರಗಳೆಲ್ಲ ಕೇಬಲ್ಲಿನ ಮೂಲಕ ಹೊಸಪೇಟೆಗೆ ಬಂದು ಒಂದು ಫೈಲ್ ಸರ್ವರಿನಲ್ಲಿ ಕೂರಬೇಕು, ಡಾಕ್ಟರು ಅಲ್ಲಿಂದ ತೆಗೆದು ನೋಡಬೇಕು. ನೋಡಲು ಟ್ರಂಕಿನಷ್ಟು ದೊಡ್ಡ ಕಪ್ಪು ಡಬ್ಬ, ಒಳಗೆ ಸಾಲಾಗಿ ಡಿಸ್ಕುಗಳು. ಆಸ್ಪತ್ರೆಯಲ್ಲಿ ಎಲ್ಲರೂ ಅದನ್ನು ‘ಪೆಟ್ಟಿಗಿ’ ಎಂದೇ ಕರೆದರು. ಅದನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ವರದಿಯ ಡಾಕ್ಟರು ನಿರ್ಮಲಾ ಮೇಡಂ ಮೊದಲ ದಿನವೇ ಹೇಳಿದರು: ‘ಸುಜಾತ, ನನಗ ಪೆಟ್ಟಿಗಿ ಎಲ್ಲೈತಿ ಅಂತ ಗೊತ್ತಾಗಬಾರ್ದು. ಗೊತ್ತಾತು ಅಂದ್ರ ಏನೋ ಕೆಟ್ಟೈತಿ ಅಂತ ಅರ್ಥ.’

ಬಹಳ ದಿನ ಅವರಿಗೆ ಗೊತ್ತಾಗಲಿಲ್ಲ. ಆಮೇಲೆ ಗೊತ್ತಾಗತೊಡಗಿತು.

ಮೊದಮೊದಲು ಕಂಪ್ಲಿಯ ಚಿತ್ರಗಳು ಸ್ವಲ್ಪ ತಡ. ಮುಂದೆ ಇನ್ನೂ ತಡ. ಹುಸೇನಣ್ಣ ಫೋನು ಮಾಡಿ ‘ಕಳಿಸೀನಿ’ ಎನ್ನುವುದು, ಮೇಡಂ ‘ಬಂದಿಲ್ಲ’ ಎನ್ನುವುದು, ನಡುವೆ ನಾನು. ಹುಸೇನಪ್ಪ ಚಿತ್ರ ತೆಗೆದಿಟ್ಟು, ಚಹಾ ಕುಡಿದು, ಪುರಸೊತ್ತಾದಾಗ ಕಳಿಸುತ್ತಾರೆ ಎಂದು ಮೇಡಂ ನಂಬಿಬಿಟ್ಟಿದ್ದರು. ಆ ಮಾತು ಯಾರ ಮೂಲಕವೋ ಕಂಪ್ಲಿಗೂ ಮುಟ್ಟಿತ್ತು. ಅಲ್ಲಿಂದ ಮುಂದೆ ಅವರಿಬ್ಬರ ನಡುವೆ ನೇರ ಮಾತು ನಿಂತಿತು.

ದುರುಗಪ್ಪ ಎಂಬ ಹಮಾಲಿಯ ಪ್ರಕರಣ ಬಂದದ್ದು ಆಗಲೇ. ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಭತ್ತದ ಚೀಲಗಳ ಅಟ್ಟಿ ಜಾರಿ ಅವನ ಎದೆಯ ಮೇಲೆ ಬಿದ್ದಿತ್ತು. ನಡೆದುಕೊಂಡೇ ಶಾಖೆಗೆ ಬಂದನಂತೆ. ಹುಸೇನಣ್ಣ ಎದೆಯ ಚಿತ್ರ ತೆಗೆದು ಕಳಿಸಿದರು. ಅಲ್ಲಿದ್ದ ಹೊಸ ಡಾಕ್ಟರಿಗೆ ಅನುಮಾನ, ಹೊಸಪೇಟೆಯ ಮಾತಿಗಾಗಿ ಕಾದರು. ಇಲ್ಲಿ ಮೇಡಂ ಪರದೆಯ ಮುಂದೆ ಕೂತಿದ್ದಾರೆ, ಚಿತ್ರವಿಲ್ಲ. ಹುಸೇನಣ್ಣ ನನಗೆ ಫೋನು ಮಾಡಿದರು.

‘ತಂಗಿ, ಕಳಿಸಿ ಭಾಳ ಹೊತ್ತಾತು. ಇವನ ಉಸಿರು ಸರಿ ಇಲ್ಲ.’

‘ಇಲ್ಲಿ ಬಂದಿಲ್ಲಣ್ಣ. ಇನ್ನೊಮ್ಮೆ ಕಳಿಸ್ರಿ.’

‘ಎಷ್ಟು ಸಲ ಕಳಿಸಲಿ? ನಿಮ್ಮ ಪೆಟ್ಟಿಗಿ ತಗೊಳ್ಳಾಕ ವಲ್ಲೆ ಅಂತೈತಿ. ನಾನು ಮನಿಷ್ಯಾನ್ನ ಕಳಿಸಿಬಿಡ್ತೀನಿ.’

ಯಾರ ಅಪ್ಪಣೆಗೂ ಕಾಯದೆ ದುರುಗಪ್ಪನನ್ನು ಆಂಬುಲೆನ್ಸಿಗೆ ಹತ್ತಿಸಿ, ತಾವೂ ಜತೆಗೆ ಕೂತು ಹೊರಟರು. ಗಾಡಿ ನಮ್ಮ ಬಾಗಿಲಿಗೆ ಬಂದಾಗ ಅವನ ತುಟಿ ನೀಲಿಯಾಗಿತ್ತು. ಪಕ್ಕೆಲುಬು ಚುಚ್ಚಿ ಶ್ವಾಸಕೋಶ ಕುಸಿದಿತ್ತು. ಕೊಳವೆ ಹಾಕಿ ಗಾಳಿ ತೆಗೆದ ಮೇಲೆ ಅವನು ಉಸಿರೆಳೆದ ಸದ್ದು ಕಾರಿಡಾರಿನಲ್ಲಿ ನಿಂತಿದ್ದ ನಮಗೂ ಕೇಳಿಸಿತು. ಅದಾದ ಮೇಲೆ ಮೇಡಂ ತಮ್ಮ ಕೋಣೆಗೆ ಹೋಗಿ ಕೂತರೆ ಪರದೆಯ ಮೇಲೆ ಕಂಪ್ಲಿಯಿಂದ ಹೊಸ ಚಿತ್ರ ಬಂದಿದೆ ಎಂದು ತೋರಿಸುತ್ತಿದೆ. ಮನುಷ್ಯ ಬಂದ ಮೇಲೆ ಅವನ ಚಿತ್ರ ಬಂತು.

ಮರುದಿನ ಟ್ರಸ್ಟಿನ ಹಿರಿಯರಾದ ಸಿದ್ದಲಿಂಗಪ್ಪನವರು ಎಲ್ಲರನ್ನೂ ಕೂರಿಸಿದರು. ಹಣೆಗೆ ವಿಭೂತಿ, ಮೆತ್ತನೆಯ ದನಿ, ಬಿಡದ ಹಟ. ಕೇಬಲ್ಲಿನವರು ತಮ್ಮ ಲೈನು ಚೆನ್ನಾಗಿದೆ ಎಂದರು. ಪೆಟ್ಟಿಗೆ ಮಾರಿದವರು ಪೆಟ್ಟಿಗೆ ಚೆನ್ನಾಗಿದೆ ಎಂದರು. ಮೇಡಂ ಹುಸೇನಪ್ಪನವರ ಕಡೆ ನೋಡಲಿಲ್ಲ. ಹುಸೇನಣ್ಣ ನೆಲ ನೋಡುತ್ತಾ, ‘ಕಂಪ್ಲಿಗೆ ಬ್ಯಾರೆಯವರನ್ನ ಹಾಕಿಕೊಳ್ರಿ. ನಾನು ಬಿಡ್ತೀನಿ’ ಎಂದರು.

ಸಿದ್ದಲಿಂಗಪ್ಪನವರು ನನ್ನ ಕಡೆ ತಿರುಗಿದರು. ‘ಎಲ್ಲಾರದೂ ಸರಿ ಐತಿ ಅಂದ್ರ ಆ ಹುಡುಗನ ತುಟಿ ಯಾಕ ನೀಲಿ ಆತವ್ವ?’

‘ಗೊತ್ತಿಲ್ಲರಿ ಯಜಮಾನ್ರ. ದಾರಿ ಮ್ಯಾಗ ಏನು ನಡದೈತಿ ಅಂತ ನಾವ್ಯಾರೂ ನೋಡಿಲ್ಲ. ನೋಡಾಕ ಒಂದು ವ್ಯವಸ್ಥಾ ಮಾಡ್ತೀನಿ. ಅಲ್ಲೀತನಕ ಯಾರೂ ಬಿಡೂದು ಬ್ಯಾಡ.’

ಹುಸೇನಣ್ಣ ತಲೆಯೆತ್ತಿ ಒಮ್ಮೆ ನೋಡಿದರು. ಬೇಡವೆನ್ನಲಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಇದನ್ನು ಬಿಡಿಸಿ ಹೇಳಬೇಕು. ಫೈಲ್ ಸರ್ವರು ತನ್ನ ಕಷ್ಟಸುಖವನ್ನು ಕೇಳಿದವರಿಗೆ ಹೇಳುತ್ತದೆ, ಆದರೆ ಕೇಳಬೇಕು. ಎಸ್‌ಎನ್‌ಎಂಪಿ ಎಂಬ ವ್ಯವಸ್ಥೆ ಅದರೊಳಗೇ ಇರುತ್ತದೆ, ಬಹಳ ಕಡೆ ಅದನ್ನು ಆನ್ ಮಾಡಿರುವುದೇ ಇಲ್ಲ. ಅದನ್ನು ಆನ್ ಮಾಡಿ, ಎಲ್ಲರಿಗೂ ಗೊತ್ತಿರುವ ಮೊದಲಿನ ಗುಪ್ತಪದ ಬದಲಿಸಿ, ಸ್ಟೋರಿನಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರೊಂದನ್ನು ಕಾವಲಿಗೆ ಕೂರಿಸಿದೆ. ಅದು ಸ್ವಲ್ಪ ಹೊತ್ತಿಗೊಮ್ಮೆ ಪೆಟ್ಟಿಗೆಯನ್ನೂ, ಊರೂರಿನಲ್ಲಿ ಕೇಬಲ್ಲುಗಳು ಬಂದು ಸೇರುವ ಸ್ವಿಚ್ಚು ಎಂಬ ಡಬ್ಬಿಗಳನ್ನೂ ಮಾತಾಡಿಸುತ್ತದೆ: ಎಷ್ಟು ಒಳಗೆ ಬಂತು, ಎಷ್ಟು ಹೊರಗೆ ಹೋಯಿತು, ಡಿಸ್ಕಿನಲ್ಲಿ ಜಾಗ ಎಷ್ಟಿದೆ, ಮೈ ಎಷ್ಟು ಬಿಸಿಯಾಗಿದೆ. ಉತ್ತರವನ್ನು ಗೆರೆಯಾಗಿ ಬರೆಯುತ್ತದೆ. ಒಂದೊಂದು ಊರಿಗೆ ಒಂದೊಂದು ಗೆರೆ, ಪೆಟ್ಟಿಗೆಗೆ ಇನ್ನೊಂದು.

ಗೆರೆ ಮೂಡುವ ಮೊದಲೇ ಗುಲ್ಲು ಎದ್ದಿತು. ನರ್ಸುಗಳು ನನ್ನನ್ನು ಕಂಡರೆ ಫೋನು ಮುಚ್ಚಿಡತೊಡಗಿದರು. ಯಾರು ಏನು ನೋಡುತ್ತಾರೆ ಎಂದು ಸುಜಾತಕ್ಕ ಕೂತಲ್ಲೇ ತಿಳಿಯುತ್ತಾಳೆ ಎಂಬ ಸುದ್ದಿ. ಊಟದ ಕೋಣೆಯಲ್ಲಿ ಒಬ್ಬೊಬ್ಬರಿಗೂ ಹೇಳಿದೆ: ‘ಸಂಡೂರಿನ ದಾರ್ಯಾಗ ವೇಬ್ರಿಡ್ಜ್ ನೋಡೀರಿಲ್ಲ? ಲಾರಿ ತೂಕ ಹೇಳತೈತಿ. ಡ್ರೈವರು ಮನ್ಯಾಗ ಜಗಳಾಡಿ ಬಂದಾನೇನು ಅಂತ ಹೇಳತೈತೇನು?’ ಅರ್ಧ ಜನ ನಂಬಿದರು. ಕಂಪ್ಲಿಯಲ್ಲಿ ಹುಸೇನಣ್ಣ ಮಾತ್ರ ನಂಬಲಿಲ್ಲ. ಅಲ್ಲಿನ ಸ್ವಿಚ್ಚನ್ನು ಕಾವಲಿಗೆ ಜೋಡಿಸಲು ಹೋದಾಗ ಚಹಾ ತರಿಸಿಕೊಟ್ಟರು, ಆದರೆ ನಾನು ಕೆಲಸ ಮಾಡುವಷ್ಟು ಹೊತ್ತೂ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದರು.

ಕೆಲವು ದಿನ ಬಿಟ್ಟು ಗೆರೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಕಂಪ್ಲಿಯ ಗೆರೆ ಬಡಕಲು. ಆ ದಾರಿಯಲ್ಲಿ ಇನ್ನೂ ಬೇಕಾದಷ್ಟು ಜಾಗವಿತ್ತು. ಸಂಡೂರಿನದೂ ಹಾಗೆಯೇ. ಪೆಟ್ಟಿಗೆಯ ಗೆರೆ ಮಾತ್ರ ಬೇರೆ ತರಹ ಇತ್ತು. ಹೊಸಪೇಟೆಯಲ್ಲಿ ಹೊರರೋಗಿಗಳ ಸಂದಣಿ ಏರುವ ಹೊತ್ತಿಗೆ ಅದೂ ಏರುತ್ತಿತ್ತು, ಏರಿ ಒಂದು ಎತ್ತರದಲ್ಲಿ ನಿಂತು, ಅಲ್ಲಿಂದ ಮಧ್ಯಾಹ್ನದವರೆಗೆ ಚಪ್ಪಟೆ. ನನಗೆ ತಟ್ಟನೆ ನೆನಪಾದದ್ದು ಸಂಡೂರಿನ ಗುಡ್ಡ. ನಮ್ಮಪ್ಪ ಕೆಲಸ ಮಾಡುತ್ತಿದ್ದ ಕಡೆ ತಲೆ ಕಡಿದ ಗುಡ್ಡಗಳಿದ್ದವು. ದೇವರು ಮಾಡಿದ ಗುಡ್ಡದ ತಲೆ ಹಾಗೆ ಸಪಾಟಾಗಿ ಇರುವುದಿಲ್ಲ. ಸಪಾಟಾಗಿದೆ ಎಂದರೆ ಮೇಲೆ ಏನೋ ತಡೆದಿದೆ ಎಂದರ್ಥ.

ಪೆಟ್ಟಿಗೆಯನ್ನು ಕೇಳಿದರೆ ತನ್ನ ಕೇಬಲ್ಲಿನ ವೇಗ ಇರಬೇಕಾದುದರ ಹತ್ತರಲ್ಲಿ ಒಂದು ಪಾಲು ಎಂದಿತು. ಕೋಣೆಗೆ ಹೋಗಿ ಕೇಬಲ್ಲು ಹಿಡಿದುಕೊಂಡು ಹೊರಟೆ. ಗೋಡೆಗುಂಟ ಬಂದು, ಕಬ್ಬಿಣದ ಬೀರುವಿನ ಕೆಳಗೆ ಹೋಗಿ, ಬೀರುವಿನ ಕಾಲಿನಡಿ ಸಿಕ್ಕಿಕೊಂಡಿತ್ತು. ಕೋಣೆಗೆ ಸುಣ್ಣ ಹೊಡೆದವರು ಬೀರು ಸರಿಸಿ ವಾಪಸ್ ಇಡುವಾಗ ಆದದ್ದು. ಒಳಗಿನ ಎಳೆಗಳು ಕೆಲವು ತುಂಡಾಗಿದ್ದವು. ಪೂರ್ತಿ ಕಡಿದಿದ್ದರೆ ಅವತ್ತೇ ತಿಳಿಯುತ್ತಿತ್ತು. ಅರ್ಧ ಜೀವ ಉಳಿದಿದ್ದರಿಂದ ಅದು ನಿಧಾನಕ್ಕೆ ಎಲ್ಲರನ್ನೂ ಸತಾಯಿಸಿತು. ಇಲ್ಲಿನ ಚಿತ್ರಗಳೇ ಬಾಗಿಲಲ್ಲಿ ನೂಕಾಡುವಾಗ ದೂರದ ಕಂಪ್ಲಿಯ ಚಿತ್ರ ಕಾದು, ಸೋತು, ಮತ್ತೆ ಸರತಿಯ ಕೊನೆಗೆ ಹೋಗಿ ನಿಲ್ಲುತ್ತಿತ್ತು.

ಹೊಸ ಕೇಬಲ್ಲು ಹಾಕಿ ಮೇಡಂ ಹತ್ತಿರ ಹೋದೆ. ಗೆರೆ ತೋರಿಸಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ನೋಡಿದರು, ಎದೆಯ ಚಿತ್ರ ನೋಡುವ ಹಾಗೆಯೇ.

‘ಹಂಗಾದ್ರ ಕಂಪ್ಲಿಯವರು ಆಗಿಂದಾಗ ಕಳಿಸ್ತಿದ್ರು?’

‘ಹೌದ್ರಿ ಮೇಡಂ. ದುರುಗಪ್ಪಂದೂ ತೆಗೆದ ಕೂಡ್ಲೇ ಹೊಂಟೈತಿ, ಕಂಪ್ಲಿ ಯಂತ್ರದಾಗ ಕಳಿಸಿದ ಟೈಮ್ ಬರದೈತಿ.’

ಅವರು ಫೋನು ಎತ್ತಿದರು. ‘ಹುಸೇನಪ್ಪನವರ, ನಾನು ನಿರ್ಮಲಾ. ನಿಮ್ಮ ಬಗ್ಗೆ ನಾನು ತಪ್ಪು ತಿಳಕೊಂಡಿದ್ದೆ. ನಾಲ್ಕು ಜನರ ಮುಂದ ಅನ್ನಿಸಿಕೊಂಡ್ರಿ, ಮುಂದಿನ ಸಭೆಯಾಗ ನಾಲ್ಕು ಜನರ ಮುಂದ ನಾನೇ ಹೇಳ್ತೀನಿ.’ ಆ ಕಡೆಯಿಂದ ಏನು ಬಂತೋ ಕೇಳಿಸಲಿಲ್ಲ. ಮೇಡಂ ಫೋನಿಟ್ಟು ಸಣ್ಣಗೆ ನಕ್ಕರು. ‘“ಇರ್ಲಿ ಬಿಡ್ರಿ, ಹೊರಗ ಮಂದಿ ಕುಂತಾರ” ಅಂದು ಇಟ್ಟುಬಿಟ್ರು.’

ಅಲ್ಲಿಂದ ಮುಂದಿನ ವರ್ಷಗಳು ನನ್ನ ನೌಕರಿಯ ಒಳ್ಳೆಯ ವರ್ಷಗಳು. ತಪ್ಪುಗಳೂ ಆದವು. ಉತ್ಸಾಹದಲ್ಲಿ ಎಲ್ಲದಕ್ಕೂ ಎಚ್ಚರಿಕೆಯ ಗಂಟೆ ಹಚ್ಚಿದ್ದೆ. ಡಿಸ್ಕು ಚೂರು ಬಿಸಿಯಾದರೆ ಮೆಸೇಜು, ಗೆರೆ ಕೊಂಚ ಏರಿದರೆ ಮೆಸೇಜು. ನನ್ನ ಫೋನು ಜೀರುಂಡೆಯಂತೆ ಕಿರುಗುಟ್ಟಿ ಕಿರುಗುಟ್ಟಿ, ಕೊನೆಗೆ ನಾನೇ ನೋಡುವುದನ್ನು ಬಿಟ್ಟೆ. ಎಲ್ಲದಕ್ಕೂ ಕೂಗುವ ಕಾವಲುಗಾರನ ಮಾತನ್ನು ಯಾರೂ ಕೇಳುವುದಿಲ್ಲ. ಇನ್ನೊಮ್ಮೆ ಯುಪಿಎಸ್ ಸುಟ್ಟು ಪೆಟ್ಟಿಗೆ ನಿಂತಾಗ ಎಚ್ಚರಿಕೆಯ ಗಂಟೆ ಒಂದೂ ಮೊಳಗಲಿಲ್ಲ. ಕಾವಲಿನ ಕಂಪ್ಯೂಟರೂ ಅದೇ ಯುಪಿಎಸ್ಸಿಗೆ ಸಿಕ್ಕಿಸಿದ್ದರಿಂದ ಅದೂ ಜತೆಗೇ ಮಲಗಿತ್ತು. ಸಿದ್ದಲಿಂಗಪ್ಪನವರು, ‘ಕಳ್ಳನ್ನ ಕಾಯವನನ್ನ ಕಳ್ಳನ ಮನ್ಯಾಗ ಮಲಗಿಸಿದ್ದಿ ಏನವ್ವ’ ಎಂದು ನಕ್ಕುಬಿಟ್ಟರು. ಅವತ್ತೇ ಅದನ್ನು ಬೇರೆ ಕೋಣೆಗೆ ಸಾಗಿಸಿದೆ.

ಸಂಡೂರಿನ ಸ್ವಿಚ್ಚು ಬೇಸಿಗೆಯಲ್ಲಿ ಕಾದು ಕಾದು ನಿಲ್ಲುತ್ತಿತ್ತು. ಬಿಚ್ಚಿ ನೋಡಿದರೆ ಫ್ಯಾನಿನ ರೆಕ್ಕೆಗಳ ಮೇಲೆ ಕುಂಕುಮ ಬಳಿದಂತೆ ಅದಿರಿನ ಧೂಳು. ಬಣ್ಣ ಹಚ್ಚುವ ಕುಂಚ ತಗೊಂಡು ಹೋಗಿ ಧೂಳು ಹೊಡೆದು ಬರುತ್ತಿದ್ದೆ. ಮೂಗಿಗೆ ಕಟ್ಟಿಕೊಂಡ ಕರವಸ್ತ್ರದ ಕೆಂಪು ಎಷ್ಟು ಒಗೆದರೂ ಹೋಗುತ್ತಿರಲಿಲ್ಲ, ಅಪ್ಪನ ಅಂಗಿಯಂತೆ. ಕಮಲಾಪುರದ್ದು ಇನ್ನೊಂದು ಕಥೆ. ಅಲ್ಲಿನ ಗೆರೆ ಬೆಳಗಿನಲ್ಲಿ ಹಠಾತ್ತನೆ ಬೀಳುವುದು, ಏಳುವುದು. ಕೇಬಲ್ಲಿನವರು ಹಂಪಿ ಕಡೆಯ ಕಂಬಗಳನ್ನು ನೋಡಿಬಂದು, ‘ಮೇಡಂ, ಕೋತಿ ಮರಿಗಳು ಜೋಕಾಲಿ ಆಡಾಕತ್ತಾವ. ಅವಕ್ಕ ಬ್ಯಾಡ ಅಂತ ಹ್ಯಾಂಗ ಹೇಳೂದು?’ ಎಂದರು. ಕೊನೆಗೆ ಕೇಬಲ್ಲನ್ನು ನೆಲದೊಳಗಿನಿಂದ ಎಳೆಸಿದೆವು.

ನೋಡುತ್ತ ನೋಡುತ್ತ ಗೆರೆಗಳ ಹಿಂದೆ ಊರುಗಳು ಕಾಣತೊಡಗಿದವು. ಸಂಡೂರಿನ ಗೆರೆ ಒಮ್ಮೆಲೇ ಎದ್ದರೆ ತೋರಣಗಲ್ಲು ಕಡೆಯ ಗುತ್ತಿಗೆ ಕಾರ್ಮಿಕರು ಎದೆಯ ತಪಾಸಣೆಗೆ ಬಸ್ಸಿನಲ್ಲಿ ಬಂದಿಳಿದಿದ್ದಾರೆ. ಚಳಿಗಾಲದಲ್ಲಿ ಕಮಲಾಪುರದ ಗೆರೆ ಚುರುಕಾದರೆ ಹಂಪಿಯ ಬಂಡೆ ಹತ್ತಿದ ಪ್ರವಾಸಿಗಳು ಕಾಲು ಉಳುಕಿಸಿಕೊಂಡಿದ್ದಾರೆ. ಕಂಪ್ಲಿಯ ಗೆರೆ ಹುಸೇನಣ್ಣನಂತೆಯೇ. ಬಾಗಿಲು ತೆರೆದ ಸ್ವಲ್ಪ ಹೊತ್ತಿಗೆ ಶುರು, ಒಂದೇ ಅಂತರದ ಸಣ್ಣ ಸಣ್ಣ ಉಬ್ಬುಗಳು, ಊಟಕ್ಕೆ ಬಿಡುವು, ಮತ್ತೆ ಉಬ್ಬುಗಳು. ನಾನು ಬೆಳಗಿನ ಚಹಾ ಹಿಡಿದು ಮೊದಲು ನೋಡುತ್ತಿದ್ದದ್ದು ಅದನ್ನೇ.

ನನ್ನ ನಿವೃತ್ತಿಗೆ ಸ್ವಲ್ಪ ಮುಂಚಿನ ಮಾತು. ಹುಸೇನಣ್ಣನಿಗೆ ನಿವೃತ್ತಿಯ ವಯಸ್ಸು ಮೀರಿದ್ದರೂ ಟ್ರಸ್ಟಿನವರು ಅವರನ್ನು ಬಿಟ್ಟಿರಲಿಲ್ಲ. ನಾಟಿಯ ಕಾಲ, ಕಂಪ್ಲಿಯಲ್ಲಿ ಜನ ಹೆಚ್ಚಿರುವ ಹೊತ್ತು. ಪರದೆಯ ಮೇಲೆ ಎಲ್ಲ ಊರುಗಳ ಮುಂದೆ ಹಸಿರು ದೀಪ. ಲೈನಿದೆ, ಸ್ವಿಚ್ಚಿದೆ, ಪೆಟ್ಟಿಗೆ ಆರಾಮಾಗಿದೆ. ಆದರೆ ಕಂಪ್ಲಿಯಿಂದ ಬೆಳಿಗ್ಗೆ ಎರಡು ಉಬ್ಬು ಬಂದು ಆಮೇಲೆ ಗೆರೆ ನೆಲಕ್ಕೆ ಮಲಗಿತ್ತು. ರೋಗಿಗಳು ಬಂದಿರಲಿಕ್ಕಿಲ್ಲ ಎಂದುಕೊಂಡು ಬೇರೆ ಕೆಲಸ ನೋಡಿದೆ. ಮತ್ತೆ ಬಂದು ನೋಡಿದರೂ ಹಾಗೆಯೇ. ಯಂತ್ರ ಕೆಟ್ಟಿದ್ದರೆ ಹುಸೇನಣ್ಣ ಇಷ್ಟು ಹೊತ್ತಿಗೆ ನನ್ನನ್ನು ಬೈದು ಮುಗಿಸಿರುತ್ತಿದ್ದರು. ಫೋನು ಮಾಡಿದೆ. ಎತ್ತಲಿಲ್ಲ. ಇನ್ನೊಮ್ಮೆ ಮಾಡಿದಾಗ ಯಾರೋ ಹೆಂಗಸು ಎತ್ತಿದಳು.

‘ಎಕ್ಸ್‌ರೇದವರು ಇಲ್ಲಿಲ್ಲರಿ. ಫೋನು ಟೇಬಲ್ ಮ್ಯಾಗ ಹೊಡಕೊಳ್ಳಾಕತ್ತಿತ್ತು, ಅದಕ ಎತ್ತಿದೆ.’

‘ನೀವು ಯಾರವ್ವ? ಅವರು ಎಲ್ಲಿಗೆ ಹೋಗ್ಯಾರ?’

‘ನಾನು ಮಗನ ಕೈ ತೋರಿಸಾಕ ಬಂದೀನಿ. ಅವರು ಒಳಗ ಅದಾರ. ಬಾಗಲ ಮ್ಯಾಗ ಕೆಂಪು ಲೈಟು ಉರಿಯಾಕತ್ತೈತಿ.’

‘ಎಷ್ಟೊತ್ತಾತು?’

‘ನಾವು ಬಂದಾಗಿಂದ ಉರಿಯಾಕತ್ತೈತ್ರಿ. ಭಾಳ ಮಂದಿ ಕುಂತೀವಿ.’

ಒಂದು ಚಿತ್ರ ತೆಗೆಯಲು ಅಷ್ಟು ಹೊತ್ತು ಬೇಡ.

‘ಆ ಬಾಗಲ ತಗೀರಿ.’

‘ಕೆಂಪು ಲೈಟು ಇದ್ದಾಗ ತಗೀಬಾರ್ದಂತ ಬರದಾರಲ್ರಿ. ಬೈತಾರ ಅವರು.’

‘ನಾನು ಹೊಸಪ್ಯಾಟಿ ದೊಡ್ಡಾಸ್ಪತ್ರಿಯಿಂದ ಹೇಳಾಕತ್ತೀನವ್ವ. ಬೈದ್ರ ನನ್ನ ಹೆಸರು ಹೇಳು. ಏನೂ ಆಗಂಗಿಲ್ಲ, ತಗಿ.’

ಫೋನು ಹಿಡಿದುಕೊಂಡೇ ಅವಳು ನಡೆದ ಸದ್ದು ಕೇಳಿಸಿತು. ಭಾರದ ಬಾಗಿಲು ಕಿರುಗುಟ್ಟಿತು. ಆಮೇಲೆ ಒಂದೇ ಸಲಕ್ಕೆ ಹಲವು ದನಿಗಳು.

ಹುಸೇನಣ್ಣ ಯಂತ್ರದ ಹಿಂದೆ ನೆಲದ ಮೇಲೆ ಬಿದ್ದಿದ್ದರು. ಎರಡನೆಯ ರೋಗಿ ಹೋದ ಮೇಲೆ ಯಂತ್ರ ಸರಿಸಲು ಒಳಗೆ ಹೋದವರು ಜಾರಿ, ಸೊಂಟದ ಕೀಲು ಮುರಿದು ಏಳಲಾಗದೆ ಉಳಿದಿದ್ದರು. ದೀಪ ಆರಿಸಿರಲಿಲ್ಲ. ಕೂಗಿದ್ದರಂತೆ. ಆದರೆ ಎಕ್ಸ್‌ರೇ ಕೋಣೆಯ ಬಾಗಿಲಿಗೆ ಒಳಗಡೆ ಸೀಸದ ಹಾಳೆ ಹೊಡೆದಿರುತ್ತದೆ. ಅದು ಕಿರಣವನ್ನು ತಡೆದಂತೆ ದನಿಯನ್ನೂ ತಡೆಯಿತು. ಹೊರಗಿನ ಬೆಂಚಿನ ಜನ ಅವರಿಗೆ ಹೆದರಿ, ಅವರು ಬರೆಸಿದ ಬೋರ್ಡಿಗೆ ಮರ್ಯಾದೆ ಕೊಟ್ಟು, ಸುಮ್ಮನೆ ಕೂತಿದ್ದರು.

ನಾನು ಮೇಡಂ ಕೋಣೆಗೆ ಓಡಿದೆ. ಅವರು ಕಂಪ್ಲಿಯ ಡಾಕ್ಟರೊಂದಿಗೆ ಮಾತಾಡುತ್ತಿರುವಾಗಲೇ ಅಲ್ಲಿನ ಗೆರೆ ಮತ್ತೆ ಎದ್ದಿತು, ಒಂದೇ ಒಂದು ಉಬ್ಬು. ಚಿತ್ರ ತೆರೆಯಿತು. ಮುರಿದ ಕೀಲು ಸ್ಪಷ್ಟವಾಗಿ ಕಾಣುತ್ತಿತ್ತು, ಆದರೆ ಚಿತ್ರ ಓರೆ, ಒಂದು ಮೂಲೆ ಕತ್ತರಿಸಿಹೋಗಿತ್ತು.

‘ಇದನ್ನ ಯಾರು ತೆಗೆದ್ರು?’ ಮೇಡಂ ಫೋನಿನಲ್ಲೇ ಕೇಳಿದರು.

‘ಇಲ್ಲಿನ ಸಿಸ್ಟರ್ ತೆಗೆದ್ರು ಮೇಡಂ. ಹುಸೇನಪ್ಪನವರು ಮಲಗಿಕೊಂಡೇ ಹಿಂಗ ಹಿಡಿ, ಹಂಗ ಹಿಡಿ ಅಂತ ಹೇಳಿಕೊಟ್ರು. ಸೊಟ್ಟ ಬಂದೈತಿ, ಇನ್ನೊಮ್ಮೆ ತಗೀರಿ ಅಂತ ಜಗಳಾಡಾಕತ್ತಾರ.’

‘ಬ್ಯಾಡ. ಇದು ಸಾಕು ಅಂತ ಹೇಳ್ರಿ. ಕರ್ಕೊಂಡು ಬರ್ರಿ.’ ಮೇಡಂ ಫೋನಿಟ್ಟು ಕಣ್ಣೊರೆಸಿಕೊಂಡರು. ‘ಇಷ್ಟು ವರ್ಷದಾಗ ಕಂಪ್ಲಿಯಿಂದ ಒಂದು ಸೊಟ್ಟ ಚಿತ್ರ ಬಂದಿರಲಿಲ್ಲ ಸುಜಾತ.’

ಅವರಿಗೆ ಕೀಲು ಬದಲಿಸಿದರು. ಒಂದು ಮಳೆಗಾಲ ಮನೆಯಲ್ಲಿದ್ದು, ಊರುಗೋಲು ಹಿಡಿದು ಕೆಲಸಕ್ಕೆ ಮರಳಿದರು. ಆ ದಿನ ನಾನು ಚಹಾ ಹಿಡಿದು ಕೂತಿದ್ದೆ. ಬಾಗಿಲು ತೆರೆದ ಸ್ವಲ್ಪ ಹೊತ್ತಿಗೆ ಒಂದು ಉಬ್ಬು, ಅದೇ ಅಂತರದಲ್ಲಿ ಇನ್ನೊಂದು. ಚಹಾ ಆರಿಹೋಗುವವರೆಗೂ ನೋಡಿದೆ.

ನಾನು ನಿವೃತ್ತಳಾದ ಮೇಲೆ ಪೆಟ್ಟಿಗೆಯೂ ನಿವೃತ್ತಿಯಾಯಿತು. ಈಗ ಚಿತ್ರಗಳು ಎಲ್ಲೋ ದೂರದಲ್ಲಿ ಕೂರುತ್ತವೆ, ಕಾವಲೂ ಅಲ್ಲಿಂದಲೇ ನಡೆಯುತ್ತದೆ. ಹೋದ ವರ್ಷ ನೆಂಟರ ಮದುವೆಗೆ ಕಂಪ್ಲಿಗೆ ಹೋದವಳು ಶಾಖೆಯನ್ನು ನೋಡಿ ಬರೋಣವೆಂದು ಹೊಕ್ಕೆ. ಹುಸೇನಣ್ಣನ ಜಾಗದಲ್ಲಿ ಶಬಾನಾ ಎಂಬ ಹುಡುಗಿ, ಅವರ ಕೈಯಲ್ಲೇ ಕಲಿತವಳು. ಕೋಣೆ ತೋರಿಸುತ್ತಾ, ಯಂತ್ರದ ಹಿಂದಿನ ಗೋಡೆಯ ಮೇಲೆ ನೆಲದಿಂದ ಒಂದು ಗೇಣು ಎತ್ತರದಲ್ಲಿದ್ದ ಕರೆಗಂಟೆಯ ಗುಂಡಿಯ ಕಡೆ ಕೈಮಾಡಿದಳು.

‘ಇದನ್ನ ಯಾಕಿಷ್ಟು ಕೆಳಗ ಹಾಕಿಸ್ಯಾರ ಅಂತ ಬಂದವರೆಲ್ಲ ಕೇಳ್ತಾರಕ್ಕ. ಹುಸೇನಣ್ಣ ಕೆಲಸ ಬಿಟ್ಟು ಹೋಗುವಾಗ ಹೇಳಿ ಹೋಗ್ಯಾರ, ಬೆಳಿಗ್ಗೆ ಬಂದ ಕೂಡ್ಲೇ ನೆಲದ ಮ್ಯಾಗ ಕುಂತು ಒಮ್ಮೆ ಒತ್ತಬೇಕು, ಹೊರಗಿನವರಿಗೆ ಕೇಳಿಸ್ತೇನು ಅಂತ ಕೇಳಬೇಕು, ಆಮೇಲೆ ಮೊದಲನೇ ಚಿತ್ರ ತೆಗೀಬೇಕು ಅಂತ.’

‘ಒತ್ತೀಯೇನು ದಿನಾ?’

ಅವಳು ದುಪಟ್ಟಾ ಸರಿಮಾಡಿಕೊಂಡು ನೆಲದ ಮೇಲೆ ಕೂತು ಗುಂಡಿ ಒತ್ತಿದಳು. ಹೊರಗಿನ ಬೆಂಚಿನಿಂದ ಯಾವುದೋ ಅಜ್ಜಿ, ‘ಕೇಳಿಸ್ತವ್ವ’ ಎಂದಳು.